ಮೂರು ಗೇರು ತೋರಿಸಿ ಮೂರು ನಾಮ ಹಾಕಿದರು: ಈ ಥರದ ಪಜಲ್ ಗೇಮ್ ಹಾಕ್ಕೊಳ್ಳೋ ಮುಂಚೆ ಓದಿ

ಮೊದಲೇ ಹೇಳಿಬಿಡ್ತೀನಿ, ಹೋಗಿದ್ದು 2,273 ರೂಪಾಯಿ. ಲಕ್ಷಗಟ್ಟಲೆ ಕಳ್ಕೊಂಡವರ ಮುಂದೆ ಇದೇನು ಮಹಾ ಅಂತೀರ, ಅನ್ನಿ. ಆದರೆ ನಾನು 22 ವರ್ಷದಿಂದ ಪೀಣ್ಯದಲ್ಲಿ ಗೇರ್ ಕತ್ತರಿಸೋ ಕೆಲಸದಲ್ಲಿರೋನು. ಹಾಬಿಂಗ್ ಮಷಿನ್ ಮುಂದೆ ನಿಂತೂ ನಿಂತೂ ಕೂದಲು ಬೆಳ್ಳಗಾಗಿದೆ. ನನಗೆ ಟೋಪಿ ಹಾಕಿದ್ದು ಒಂದು ಮೊಬೈಲ್ ಗೇಮ್. ಅದೂ ಗೇರಿನ ಗೇಮ್! ಬಾಣಸಿಗನಿಗೆ ಹಳಸಿದ ಸಾರು ಬಡಿಸಿ ದುಡ್ಡು ಇಸ್ಕೊಂಡ ಹಾಗೆ. ಅದಕ್ಕೇ ಹೊಟ್ಟೆ ಉರೀತಿದೆ, ಅದಕ್ಕೇ ಬರೀತಿದೀನಿ.

ಶುರುವಾಗಿದ್ದು ಒಂದು ಶನಿವಾರ ರಾತ್ರಿ. ರೀಲ್ಸ್ ನೋಡ್ತಾ ಮಲಗಿದ್ದೆ, ಮಧ್ಯೆ ಜಾಹೀರಾತು ಬಂತು. ಪಾಳುಬಿದ್ದ ಒಂದು ಬಾಹ್ಯಾಕಾಶ ನಿಲ್ದಾಣ, ಅದರೊಳಗೆ ತೇಲ್ತಿರೋ ಹಿತ್ತಾಳೆ ಗೋಳ. ಒಂದು ಕೈ ಬಂದು ಹಿಡಿಕೆ ತಿರುಗಿಸುತ್ತೆ, ಗೋಳ ಎಸಳೆಸಳಾಗಿ ಬಿಚ್ಚಿಕೊಳ್ಳುತ್ತೆ. ಒಳಗೆ ಪ್ಲಾನೆಟರಿ ಗೇರ್. ನಡುವೆ ಸೂರ್ಯ, ಸುತ್ತ ಗ್ರಹಗಳು, ಹೊರಗೆ ರಿಂಗು. ಅದರ ಪಕ್ಕದಲ್ಲಿ ಜಿನೀವಾ ವೀಲ್, ಹಳೇ ಸಿನಿಮಾ ಪ್ರೊಜೆಕ್ಟರ್‌ನಲ್ಲಿ ಫಿಲ್ಮನ್ನ ಒಂದೊಂದೇ ಚೌಕಟ್ಟು ಜರುಗಿಸ್ತಿತ್ತಲ್ಲ, ಅದೇ. ಹಲ್ಲಿಗೆ ಹಲ್ಲು ಕೂತು ತಿರುಗೋ ಸದ್ದು ಕೂಡ ಸರಿಯಾಗಿತ್ತು. ಗ್ರೀಸಿನ ಆಂಟಿಕಿತೆರಾ ದ್ವೀಪದ ಹತ್ರ ಮುಳುಗಿದ ಹಡಗಲ್ಲಿ 1901ರಲ್ಲಿ ಒಂದು ಯಂತ್ರ ಸಿಕ್ಕಿತು, ಎರಡು ಸಾವಿರ ವರ್ಷ ಹಳೇದು, 30 ಕಂಚಿನ ಗೇರು ಇವತ್ತಿಗೂ ಉಳಿದಿವೆ, ಸೂರ್ಯ ಚಂದ್ರರ ಚಲನೆ ಲೆಕ್ಕ ಹಾಕ್ತಿತ್ತು. ನನಗೆ ಅದರ ಹುಚ್ಚು ಮೊದಲಿಂದ. ಇದು ಥೇಟ್ ಅದರ ಥರ ಇತ್ತು. ಇದನ್ನ ಮಾಡಿದೋನು ಯಾರೋ ನಮ್ಮೋನೇ ಅಂದ್ಕೊಂಡೆ.

ನಾನು ಈ ಥರದ ಗೇಮಿಗೆ ಹೊಸಬನೂ ಅಲ್ಲ. ಇಂಗ್ಲೆಂಡಿನ ಫೈರ್‌ಪ್ರೂಫ್ ಗೇಮ್ಸ್‌ನೋರು 2012ರಲ್ಲಿ ಮಾಡಿದ 'ದಿ ರೂಮ್' ಆಡಿದೀನಿ. ಮೇಜಿನ ಮೇಲೊಂದು ಪೆಟ್ಟಿಗೆ, ಬೀಗದೊಳಗೆ ಬೀಗ. ಒಂದು ಸಲ ದುಡ್ಡು ಕೊಟ್ರೆ ಮುಗೀತು, ಸಿಕ್ಕಿಹಾಕ್ಕೊಂಡ್ರೆ ಸುಳಿವು ತಾನಾಗಿ ಬರುತ್ತೆ, ಪುಕ್ಕಟೆ. ಜೆಕ್ ದೇಶದ ಅಮಾನಿಟಾ ಡಿಸೈನ್‌ನೋರ 2009ರ 'ಮಶಿನೇರಿಯಂ' ಇನ್ನೂ ಚೆನ್ನ. ತುಕ್ಕು ಹಿಡಿದ ರೋಬೋಟ್ ಊರು, ಅದರಲ್ಲೊಂದು ಪುಟಾಣಿ ರೋಬೋಟ್. ಪೂರ್ತಿ ಉತ್ತರ ಬರೆದಿರೋ ಪುಸ್ತಕ ಆಟದೊಳಗೇ ಇದೆ, ಆದರೆ ಅದನ್ನ ತೆಗೀಬೇಕಾದ್ರೆ ಒಂದು ಚಿಕ್ಕ ಆಟ ಆಡಬೇಕು. ಸಹಾಯ ಬೇಕಾ, ಸ್ವಲ್ಪ ಬೆವರು ಸುರಿಸು, ಅಷ್ಟೆ. ಜೇಬಿಗೆ ಕೈ ಹಾಕಲ್ಲ. ಇವನ್ನೆಲ್ಲ ಆಡಿದೋನು ನಾನು, ಇದೂ ಹಂಗೇ ಇರುತ್ತೆ ಅಂತ ನಂಬಿದೆ.

ಹಾಕ್ಕೊಂಡೆ. ಗೇಮ್ ಉಚಿತ. ತೆರೆದ ತಕ್ಷಣ 'ನಿಲ್ದಾಣದ ಎಲ್ಲ ಕೋಣೆಗಳಿಗೂ ಪಾಸ್, 3 ದಿನ ಉಚಿತ' ಅಂತ ಒಂದು ದೊಡ್ಡ ಹಳದಿ ಬಟನ್. ಬೇಡ ಅನ್ನೋಕೆ ಮೇಲೆ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಣಾಕಾರ ಚಿಹ್ನೆ, ಅದೂ ಐದಾರು ಸೆಕೆಂಡ್ ಬಿಟ್ಟು ಮೂಡೋದು. ಹಳದಿ ಒತ್ತಿದೆ. ಈಗ ಕಟ್ಟೋದು 0 ರೂಪಾಯಿ ಅಂತ ತೋರಿಸ್ತು, ಯುಪಿಐ ಪಿನ್ ಕೇಳ್ತು. ಸೊನ್ನೆ ರೂಪಾಯಿಗೆ ಪಿನ್ ಯಾಕೆ? ಈ ಪ್ರಶ್ನೆ ಆವತ್ತು ನನ್ನ ತಲೆಗೆ ಬರಲಿಲ್ಲ. ರಾತ್ರಿ ಹನ್ನೊಂದೂವರೆ, ಹಿತ್ತಾಳೆ ಗೋಳ ಕಣ್ಣಲ್ಲೇ ತಿರುಗ್ತಿತ್ತು. ಕೆಳಗೆ ತೆಳು ಬೂದು ಅಕ್ಷರದಲ್ಲಿ 'ನಂತರ ವಾರಕ್ಕೆ 449' ಅಂತ ಇತ್ತಂತೆ. ಇತ್ತು, ಆಮೇಲೆ ಹೋಗಿ ನೋಡಿದೆ, ಇತ್ತು. ವಾರಕ್ಕೆ! ತಿಂಗಳಿಗಲ್ಲ. ವಾರಕ್ಕೆ 449 ಕೊಟ್ಟು ಗೇಮ್ ಆಡೋರು ಯಾರಿದಾರೆ ಸ್ವಾಮಿ?

ಮೊದಲ ಎಂಟು ಹತ್ತು ಕೋಣೆ ನಿಜವಾಗ್ಲೂ ಚೆನ್ನಾಗಿದ್ವು. ಅದನ್ನ ಒಪ್ಕೋತೀನಿ. ಎರಡನೇ ಕೋಣೆ ಮುಗಿದ ಕೂಡ್ಲೇ ಐದು ಸ್ಟಾರ್ ಕೊಡಿ ಅಂತು, ಖುಷಿಯಲ್ಲಿ ಕೊಟ್ಟೂಬಿಟ್ಟೆ, 'ಸೂಪರ್' ಅಂತ ಬರೆದೆ ಕೂಡ. ಆ ಗೇಮಿಗೆ ಅಷ್ಟೊಂದು ಸ್ಟಾರ್ ಯಾಕಿದೆ ಅಂತ ಈಗ ಅರ್ಥ ಆಗುತ್ತೆ. ಎಲ್ಲಾ ನನ್ನಂಥ ಎರಡನೇ ಕೋಣೆ ಗಿರಾಕಿಗಳು.

ಆಮೇಲೆ ಶುರು. ಪಾಸ್ ಇದ್ರೂ ಸುಳಿವಿಗೆ ಬೇರೆ ದುಡ್ಡು, ಕ್ರಿಸ್ಟಲ್ ಅಂತ. 89 ಕೊಟ್ಟೆ. ಇನ್ನೊಂದು ಸಲ 89 ಕೊಟ್ಟೆ. ಕಾಫಿ ದುಡ್ಡು ಅಂತ ಸಮಾಧಾನ ಮಾಡ್ಕೊಂಡೆ. ಬುಧವಾರ ರಾತ್ರಿ ಆ ಕೋಣೆಗೆ ಬಂದೆ. ಗೋಡೆ ಮೇಲೆ ಮೂರು ಗೇರು, ತ್ರಿಕೋನದ ಥರ. ಮೂರೂ ಒಂದಕ್ಕೊಂದು ಕಚ್ಕೊಂಡಿವೆ. ಹಿಡಿಕೆ ತಿರುಗಿಸಿ ಬಾಗಿಲು ತೆಗೀಬೇಕು.

ಗೇರು ಗೊತ್ತಿರೋರಿಗೆ ಹೇಳಬೇಕಾಗಿಲ್ಲ. ಎರಡು ಗೇರು ಕಚ್ಚಿದ್ರೆ ಒಂದು ಎಡಕ್ಕೆ, ಒಂದು ಬಲಕ್ಕೆ ತಿರುಗಬೇಕು. ಮೂರನೇದು ಎರಡಕ್ಕೂ ಕಚ್ಚಿದ್ರೆ ಅದು ಯಾವ ಕಡೆ ತಿರುಗೋದು? ಯಾವ ಕಡೆಗೂ ಇಲ್ಲ. ಲಾಕ್. ಸುತ್ತುಗಟ್ಟಿ ಕೂತ ಗೇರುಗಳ ಸಂಖ್ಯೆ ಬೆಸ ಆದ್ರೆ ದೇವರು ಬಂದ್ರೂ ತಿರುಗಲ್ಲ. ಬ್ರಿಟನ್ನಿನ 2 ಪೌಂಡ್ ನಾಣ್ಯದ ಮೇಲೆ 19 ಗೇರಿನ ಉಂಗುರ ಇತ್ತು, ಅದು ತಿರುಗೋಕೇ ಸಾಧ್ಯ ಇಲ್ಲ ಅಂತ ನಮ್ಮ ಕಸುಬಿನೋರು ಇವತ್ತಿಗೂ ನಗ್ತಾರೆ.

ಈಗ ನನ್ನ ಪೆದ್ದುತನ ಕೇಳಿ. ಬೇರೆ ಯಾರಾದ್ರೂ ಆಗಿದ್ರೆ 'ಥೂ, ಆಗಲ್ಲ' ಅಂತ ಅಲ್ಲೇ ಬಿಡ್ತಿದ್ರು. ನಾನು ಬಿಡಲಿಲ್ಲ. ನನಗೆ ಗೊತ್ತಿದೆಯಲ್ಲ! ಇದು ಲಾಕ್ ಅಂತ ಗೊತ್ತಿರೋನೇ ಇದನ್ನ ಇಟ್ಟಿದಾನೆ, ಹಾಗಾದ್ರೆ ಏನೋ ಗುಟ್ಟಿರಬೇಕು ಅಂದ್ಕೊಂಡೆ. ಒಂದು ಗೇರು ಒಳಗಡೆ ಎರಡು ಅಂತಸ್ತಿರಬಹುದು. ಕ್ಲಚ್ ಇರಬಹುದು. ಶಾಫ್ಟ್ ಹಿಂದೆ ಜರುಗಬಹುದು. ಫೋನ್ ಓರೆ ಮಾಡಿದೆ, ಎರಡು ಬೆರಳಲ್ಲಿ ಹಿಗ್ಗಿಸಿದೆ, ಒಂದೊಂದು ಹಲ್ಲನ್ನೂ ಒತ್ತಿದೆ. ಗುರುವಾರ ರಾತ್ರಿ, ಶುಕ್ರವಾರ ರಾತ್ರಿ. ಜಾಬ್ ಕಾರ್ಡ್ ಹಿಂದುಗಡೆ ಚಿತ್ರ ಬರೆದೆ. ಶನಿವಾರ ಊಟದ ಹೊತ್ತಲ್ಲಿ ಮಷಿನಿನ ಚೇಂಜ್ ಗೇರ್ ಮೂರು ತಂದು ಬೆಂಚಿನ ಮೇಲೆ ತ್ರಿಕೋನ ಮಾಡಿ ಕೂರಿಸಿದೆ. ಮಾಡೋನಿಗೆ ನಾಚಿಕೆ ಇರಲಿಲ್ಲ, ಈಗ ಬರೆಯೋನಿಗೆ ಇದೆ. ಹೊಸದಾಗಿ ಸೇರಿರೋ ಹುಡುಗ ಬಂದು ನಿಂತ್ಕೊಂಡ.

'ಏನ್ ಸಾರ್, ಹೊಸ ಜಾಬಾ?'

'ಹೂಂ, ಡೆವಲಪ್‌ಮೆಂಟು' ಅಂದೆ.

'ಲಾಕ್ ಆಗಲ್ವಾ ಸಾರ್ ಇದು?'

'ಊಟ ಮಾಡೋಗಪ್ಪ' ಅಂದೆ.

ಆವತ್ತು ರಾತ್ರಿ 299 ಕೊಟ್ಟೆ. ಆ ಕೋಣೆಗೆ ಮಾತ್ರ ಒಂದು 'ಪ್ಲಾಸ್ಮಾ ರೆಂಚ್' ಮಾರ್ತಿದ್ರು. ಕ್ರಿಸ್ಟಲ್‌ನಲ್ಲಿ ಸಿಗಲ್ಲ, ದುಡ್ಡೇ ಬೇಕು. ಉಸಿರು ಬಿಗಿಹಿಡಿದು ಕೂತೆ, ಗುಟ್ಟು ಏನು ಅಂತ ಈಗ ಗೊತ್ತಾಗುತ್ತೆ ಅಂತ. ರೆಂಚ್ ತಾಗಿಸಿದೆ. ಮೂರೂ ಗೇರು ನೀಲಿಯಾಗಿ ಮಿಂಚಿದ್ವು. ತಿರುಗಿದ್ವು. ಮೂರೂ. ಒಂದೇ ಕಡೆಗೆ. ಹಲ್ಲಿನೊಳಗಿಂದ ಹಲ್ಲು, ಬೆಣ್ಣೆಯೊಳಗೆ ಕೂದಲು ಎಳೆದ ಹಾಗೆ, ಸುಮ್ನೆ ದಾಟಿ ಹೋಗ್ತಿವೆ! ಕ್ಲಚ್ಚೂ ಇಲ್ಲ, ಅಂತಸ್ತೂ ಇಲ್ಲ, ಮಣ್ಣೂ ಇಲ್ಲ. ಅದು ಒಗಟೇ ಅಲ್ಲ. ಬಾಗಿಲಿಗೆ ಅಂಟಿಸಿದ ಗೇರಿನ ಚಿತ್ರ, ಪಕ್ಕದಲ್ಲಿ ಹುಂಡಿ. ಮೂರು ರಾತ್ರಿ ನಾನು ಒಂದು ಚಿತ್ರದ ಜತೆ ಕುಸ್ತಿ ಆಡಿದ್ದೆ. ಗೇಮ್ ಮಾಡಿದೋನಿಗೆ ನನ್ನಷ್ಟೇ ತಿಳಿದಿದೆ ಅಂತ ನಾನೇ ಮರ್ಯಾದೆ ಕೊಟ್ಟಿದ್ದೆ, ಆ ಮರ್ಯಾದೆಗೆ 299 ಕಟ್ಟಿದ್ದೆ.

ಕೋಪ ಬಂದು ಗೇಮ್ ಡಿಲೀಟ್ ಮಾಡಿ ಮಲಗಿದೆ. ಪೀಡೆ ತೊಲಗಿತು ಅಂದ್ಕೊಂಡೆ.

ತೊಲಗಲಿಲ್ಲ. ತಿಂಗಳಾಗ್ತಾ ಬಂದಿತ್ತು, ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ಹಾಲಿನ ಲೆಕ್ಕದ ಡೈರಿ ಪಕ್ಕ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಕೊಂಡು ಕೂತಿದ್ಲು. 'ಏನ್ರೀ ಇದು, ಪ್ರತಿ ಮಂಗಳವಾರ ನಾನ್ನೂರ ನಲವತ್ತೊಂಬತ್ತು? ಯಾವ ದೇವರಿಗೆ ಹರಕೆ?' ಅಂದ್ಲು. ನಾಲ್ಕು ಮಂಗಳವಾರ. ಅದರಲ್ಲಿ ಮೂರು, ಡಿಲೀಟ್ ಮಾಡಿದ ಮೇಲೆ! ಮಗಳು ಫೋನ್ ಇಸ್ಕೊಂಡು ನೋಡಿ, 'ಅಪ್ಪಾ, ಆ್ಯಪ್ ತೆಗೆದ್ರೆ ಪಾಸ್ ಹೋಗಲ್ಲ, ಅದನ್ನ ಬೇರೆ ಕ್ಯಾನ್ಸಲ್ ಮಾಡಬೇಕು, ಅಷ್ಟೂ ಗೊತ್ತಿಲ್ವಾ?' ಅಂದ್ಲು. ಎಂಟನೇ ಕ್ಲಾಸು. ಹಣ ಕಡಿಯೋ 24 ಗಂಟೆ ಮುಂಚೆ ಮೆಸೇಜ್ ಬರಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, ಬಂದಿತ್ತು ಕೂಡ. ಗೇಮಿನ ಹೆಸರಿರಲಿಲ್ಲ, ಸ್ಟೋರ್ ಹೆಸರಿತ್ತು. ಸಾಲ ಬೇಕಾ, ಸೈಟು ಬೇಕಾ ಅನ್ನೋ ಮೆಸೇಜುಗಳ ಮಧ್ಯೆ ನಾನು ಓದಲಿಲ್ಲ. 15,000ದವರೆಗೆ ಪ್ರತಿ ಸಲ ಪಿನ್ ಕೇಳಲ್ಲ, ಮೊದಲ ದಿನ ಒತ್ತಿದ್ದೇ ಎಲ್ಲಕ್ಕೂ ಸಾಕು. ಸೊನ್ನೆ ರೂಪಾಯಿಗೆ ಪಿನ್ ಯಾಕೆ ಅನ್ನೋದಕ್ಕೆ ಉತ್ತರ ಸಿಕ್ತಲ್ಲ.

ದುಡ್ಡು ವಾಪಸ್ ಕೊಡಿ ಅಂತ ಗೇಮ್ ಮಾಡಿದೋರಿಗೆ ಮೇಲ್ ಹಾಕಿದೆ. ಈಗ ಅವರ ಉತ್ತರಗಳು. ಇಂಗ್ಲಿಷಲ್ಲಿದ್ವು, ನಮ್ಮ ಭಾಷೆಯಲ್ಲಿ ಸಾರಾಂಶ ಹೇಳ್ತೀನಿ.

ಮೊದಲ ಮೇಲ್: 'ಪ್ರಿಯ ಗಗನಯಾತ್ರಿಗಳೇ, ನಮ್ಮ ಜತೆ ಪಯಣಿಸ್ತಿರೋದಕ್ಕೆ ಧನ್ಯವಾದ.' ಗಗನಯಾತ್ರಿ! ನಾನು ಏಳೂಕಾಲಿಗೆ ದಾಸರಹಳ್ಳಿಯಲ್ಲಿ ಬಸ್ ಹಿಡಿಯೋ ಯಾತ್ರಿ. ದುಡ್ಡಿನ ವಿಷಯ ಒಂದು ಅಕ್ಷರ ಇಲ್ಲ.

ಎರಡನೇ ಸಲ ಗೇರಿನ ವಿಷಯ ಬರೆದೆ. ಚಿತ್ರ ಬಿಡಿಸಿ, ಬಾಣ ಹಾಕಿ, ಯಾಕೆ ತಿರುಗಲ್ಲ ಅಂತ ಒಂದು ಪುಟ. ಅದಕ್ಕೆ ಬಂದ ಉತ್ತರ ಓದಿ ಎರಡು ನಿಮಿಷ ಸುಮ್ಮನೆ ಕೂತಿದ್ದೆ. 'ನಮ್ಮ ಕಥೆ ಭೂಮಿಯಲ್ಲಿ ನಡೆಯೋದಲ್ಲ. ಅಲ್ಲಿನ ಭೌತನಿಯಮಗಳು ಬೇರೆ. ಈ ಹೊಸತನವನ್ನ ಆಟಗಾರರು ಮೆಚ್ಚಿದ್ದಾರೆ.' ಆಯ್ತಪ್ಪ, ಬೇರೆ ಗ್ರಹ. ಹಾಗಾದ್ರೆ ಅಲ್ಲಿಯ ದುಡ್ಡೇ ತಗೋಬೇಕಿತ್ತು, ನಮ್ಮ ರೂಪಾಯಿ ಯಾಕೆ? ಇದನ್ನೇ ಬರೆದು ಕಳಿಸಿದೆ. ವಿಜ್ಞಾನ ಕಥೆ ಅಂದ್ರೆ ವಿಜ್ಞಾನಕ್ಕೆ ರಜೆ ಅಂತ ತಿಳ್ಕೊಂಡಿರೋರು ಇವರು.

ಮೂರನೇದು: ಹಣ ವಾಪಸ್ ನಮ್ಮ ಕೈಯಲ್ಲಿಲ್ಲ, ಸ್ಟೋರ್ ಕೇಳಿ. ಸ್ಟೋರಿನಲ್ಲಿ ಕೇಳಿದ್ರೆ 48 ಗಂಟೆ ದಾಟಿದೆ, ಡೆವಲಪರ್ ಕೇಳಿ. ಕೊನೇ ಕಡಿತ ಆಗಿ ಐದು ದಿನ ಆಗಿತ್ತು, ಅಲ್ಲಿ ತಪ್ಪು ನಂದೇ, ತಡ ಮಾಡಿದೋನು ನಾನು. ಮತ್ತೆ ಡೆವಲಪರಿಗೆ ಬರೆದೆ. ನಾಲ್ಕನೇ ಉತ್ತರ: 'ನಿಮ್ಮ ಬೇಸರ ಅರ್ಥವಾಗುತ್ತೆ. ನಿಮ್ಮ ಖಾತೆಗೆ 500 ಕ್ರಿಸ್ಟಲ್ ಜಮಾ ಮಾಡಿದ್ದೇವೆ. ದಯವಿಟ್ಟು ನಿಮ್ಮ ರೇಟಿಂಗ್ ಪರಿಷ್ಕರಿಸಿ.' ಐದು ಸ್ಟಾರನ್ನ ನಾನು ಒಂದಕ್ಕೆ ಇಳಿಸಿದ್ದು ಮಾತ್ರ ಅವರಿಗೆ ಎರಡೇ ಗಂಟೆಯಲ್ಲಿ ಗೊತ್ತಾಗಿತ್ತು. ಡಿಲೀಟ್ ಮಾಡಿದ ಗೇಮಿನ ಕ್ರಿಸ್ಟಲ್ ತಗೊಂಡು ಏನು ಉಪ್ಪಿನಕಾಯಿ ಹಾಕ್ಲಾ?

ಗೇಮಿನ ಹೆಸರು ಬೇಕಂತಲೇ ಹಾಕಿಲ್ಲ. ಜಾಹೀರಾತಿನ ಆ ಹಿತ್ತಾಳೆ ಗೋಳ, ಹೇಳೋಕೆ ಮರೆತೆ, ಗೇಮಿನಲ್ಲಿ ಎಲ್ಲೂ ಇರಲೇ ಇಲ್ಲ. ಅದೇ ಗೋಳ ಹೋದ ವಾರ ಇನ್ನೊಂದು ಹೆಸರಿನ ಗೇಮ್ ಜಾಹೀರಾತಲ್ಲಿ ತಿರುಗ್ತಿತ್ತು. ಹೆಸರು ನೆನಪಿಟ್ಕೊಂಡು ಏನೂ ಉಪಯೋಗ ಇಲ್ಲ.

ಹಾಕ್ಕೊಳ್ಳೋ ಮುಂಚೆ ಸ್ಟೋರಿನಲ್ಲಿ ಗೇಮಿನ ವಿವರದ ಪುಟ ಪೂರ್ತಿ ಕೆಳಗೆ ಇಳಿಸಿ ನೋಡಿ, ಒಳಗೆ ಮಾರೋ ವಸ್ತುಗಳ ಬೆಲೆ ಎಷ್ಟರಿಂದ ಎಷ್ಟು ಅಂತ ಬರೆದಿರುತ್ತೆ. ಉಚಿತ ಗೇಮಲ್ಲಿ ಸಾವಿರಾರು ರೂಪಾಯಿ ಕಂಡ್ರೆ ಅಲ್ಲಿಂದಲೇ ಕೈ ಮುಗೀರಿ. ಒಂದು ಸ್ಟಾರ್ ಕೊಟ್ಟವರು ಬರೆದಿದ್ದನ್ನ ಮೊದಲು ಓದಿ, ಐದು ಸ್ಟಾರಿನೋರು ನನ್ನಂಥೋರು. ಪಾಸ್ ತೆಗೆಯೋದು ಆಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರ್ ತೆರೆದು ನಿಮ್ಮ ಫೋಟೋ ಒತ್ತಿದ್ರೆ ಪೇಮೆಂಟ್ಸ್, ಸಬ್‌ಸ್ಕ್ರಿಪ್ಷನ್ಸ್ ಅಂತ ಬರುತ್ತಲ್ಲ, ಅಲ್ಲಿ. ಐಫೋನ್‌ನಲ್ಲಿ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರಿನ ಒಳಗೆ. ಈ ಥರ ಆಸೆ ತೋರಿಸಿ ಬೇರೇನೋ ಕೊಡೋದು, ಚಂದಾದಲ್ಲಿ ಸಿಕ್ಕಿಸೋದು, ಇದೆಲ್ಲ 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ನಿಷೇಧ ಮಾಡಿದ 13 ಮೋಸದ ಪಟ್ಟಿಯಲ್ಲೇ ಇದೆ. ಗ್ರಾಹಕರ ಸಹಾಯವಾಣಿ 1915ಕ್ಕೆ ನಾನು ದೂರು ಕೊಟ್ಟಿದೀನಿ, ನಂಬರ್ ಬಂದಿದೆ, ದುಡ್ಡು ಬಂದಿಲ್ಲ.

ಇನ್ನೊಂದು. ನಿಮ್ಮ ಯುಪಿಐ ಆ್ಯಪಿನಲ್ಲಿ ಆಟೋಪೇ ಅಂತ ಒಂದು ಜಾಗ ಇದೆ. ಯಾರ್‍ಯಾರಿಗೆ ನಿಮ್ಮ ಖಾತೆಯಿಂದ ತಾನಾಗಿ ಹೋಗೋಕೆ ಒಪ್ಪಿಗೆ ಕೊಟ್ಟಿದೀರೋ ಅದೆಲ್ಲ ಅಲ್ಲಿರುತ್ತೆ, ಅಲ್ಲೇ ರದ್ದು ಮಾಡಬಹುದು. ಇವತ್ತೇ ಒಂದು ಸಲ ತೆರೆದು ನೋಡಿ. ನಾನು ಇದನ್ನ ರದ್ದು ಮಾಡೋಕೆ ಹೋದಾಗ ಕೆಳಗೆ ಇನ್ನೊಂದು ಕಾಣಿಸ್ತು, ಹೋದ ವರ್ಷದ್ದು, ಮೂವತ್ತು ದಿನದಲ್ಲಿ ಹೊಟ್ಟೆ ಕರಗಿಸೋ ಆ್ಯಪ್, ತಿಂಗಳಿಗೆ 199. ಅದನ್ನ ಮನೆಯಲ್ಲಿ ಇನ್ನೂ ಹೇಳಿಲ್ಲ.