ಹೊಳೆ ಬಂದು ಹೋಗುವ ಪೇಟೆಯಲ್ಲಿ ಒಂದು ಕರದಂಟಿನಂಗಡಿ

ಬೆಲ್ಲ, ತಿನ್ನುವ ಅಂಟು, ಒಣಕೊಬ್ಬರಿ ಹಾಕಿ ಮಾಡುವ ಸಿಹಿತಿಂಡಿ ಕರದಂಟನ್ನು ಮಾರುವ ಅಂಗಡಿಗಳಿಗೆ ಗೋಕಾಕದಲ್ಲಿ ಬರವಿಲ್ಲ. ಆದರೂ ಪೇಟೆಯ ತಗ್ಗಿನಲ್ಲಿ ತಂದೆ-ಮಗ ಇಬ್ಬರೇ ನಡೆಸುವ ಈ ಚಿಕ್ಕ ಮಳಿಗೆಯ ಬಗ್ಗೆ ಬರೆಯಲು ರುಚಿಯ ಜೊತೆಗೆ ಇನ್ನೊಂದು ಕಾರಣವಿದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಒಮ್ಮೆಲೇ ಉಕ್ಕಿ, ಲೋಳಸೂರ ಸೇತುವೆ ಮುಳುಗಿ, ಊರೊಳಗೆ ನೀರು ನುಗ್ಗಿದಾಗ ಇವರ ಒಲೆ, ಕಡಾಯಿ, ಬೆಲ್ಲ, ಒಣಕೊಬ್ಬರಿ ಎಲ್ಲವೂ ರಾಡಿಯ ಪಾಲಾಗಿದ್ದವು. ಹೊಳೆ 2021ರಲ್ಲಿಯೂ 2024ರಲ್ಲಿಯೂ ಮತ್ತೆ ಏರಿತು. ಆ ಎರಡೂ ಸಲ ನೀರಿಳಿದ ಕೆಲವೇ ದಿನಗಳಲ್ಲಿ ಅಂಗಡಿ ಬಾಗಿಲು ತೆರೆದಿತ್ತು.

ಇದನ್ನು ಗಟ್ಟಿ ಮನಸ್ಸಿನ ಫಲವೆಂದು ಹೊಗಳಿ ಸುಮ್ಮನಾದರೆ ಅವರ ಲೆಕ್ಕಾಚಾರಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. 2019ರಲ್ಲಿ ನೀರು ನಿಂತ ಎತ್ತರಕ್ಕೆ ಗೋಡೆಯ ಮೇಲೆ ನೀಲಿ ಗೆರೆ ಎಳೆದಿದ್ದಾರೆ. ಸ್ವಿಚ್‌ಬೋರ್ಡುಗಳೆಲ್ಲ ಅದರ ಮೇಲಿವೆ. ಮರದ ಕಪಾಟುಗಳ ಜಾಗದಲ್ಲಿ ಕಬ್ಬಿಣದ ಚೌಕಟ್ಟು, ಶಹಾಬಾದ್ ಕಲ್ಲಿನ ಹಲಗೆಗಳು ಬಂದಿವೆ. ಬೆಲ್ಲವೂ ಅಂಟೂ ತೇವ ಹೀರುವ ಪದಾರ್ಥಗಳಾದ್ದರಿಂದ, ನೀರು ಮುಟ್ಟದಿದ್ದರೂ ಅದರ ಹಸಿಯಿಂದಲೇ ಕೆಡುತ್ತವೆಂದು ಅವೆರಡನ್ನೂ ಮಹಡಿಗೆ ಸಾಗಿಸಿ, ಮಳೆಗಾಲದಲ್ಲಿ ವಾರಕ್ಕೆ ಬೇಕಾದಷ್ಟನ್ನೇ ತರಿಸುತ್ತಾರೆ. ಉದ್ರಿ ಲೆಕ್ಕದ ವಹಿಯ ಪ್ರತಿ ಪುಟದ ಫೋಟೊ ಮಗನ ಮೊಬೈಲಿನಲ್ಲಿದೆ. ಮೊದಲ ಸಲ ವಹಿ ತೊಯ್ದು ಹೋದಾಗ ಬರಬೇಕಾದ ಬಾಕಿಯೂ ಅದರೊಂದಿಗೇ ಹೋಗಿತ್ತಂತೆ.

ವಿಮೆಯ ವಿಷಯದಲ್ಲಿ ಇವರ ಎಚ್ಚರ ಇತರ ವ್ಯಾಪಾರಿಗಳೂ ಗಮನಿಸುವಂಥದ್ದು. ಒಂದೇ ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿ ಇರುವ ಉದ್ಯಮಗಳಿಗಾಗಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿಯಲ್ಲಿ ಬೆಂಕಿಯ ಜೊತೆಗೆ ಪ್ರವಾಹದ ಹಾನಿಯೂ ಸೇರಿದೆ. ಇವರು ಅದನ್ನು ಮಾಡಿಸಿ, ಸರಕಿನ ಬಿಲ್ಲುಗಳನ್ನೂ ದಾಸ್ತಾನಿನ ಫೋಟೊಗಳನ್ನೂ ಬೇರೆ ಊರಿನ ನೆಂಟರ ಮನೆಯಲ್ಲಿ ಒಂದು ಪ್ರತಿ ಇಟ್ಟಿದ್ದಾರೆ. ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯದಿಂದ ಎಷ್ಟು ಕ್ಯೂಸೆಕ್ ನೀರು ಬಿಟ್ಟರೆಂಬ ಸುದ್ದಿಯನ್ನು ಜುಲೈ ಬಂತೆಂದರೆ ಬೆಳಿಗ್ಗೆ ಚಹಾಕ್ಕಿಂತ ಮೊದಲೇ ನೋಡುತ್ತಾರೆ. ಆದರೆ ಮಾರ್ಕಂಡೇಯದ ನೀರು ಆ ಲೆಕ್ಕಕ್ಕೆ ಸಿಗುವುದಿಲ್ಲವಾದ್ದರಿಂದ, ಅದನ್ನಷ್ಟೇ ನಂಬಿ ಕೂರುವುದಿಲ್ಲ.

ಇನ್ನು ಕರದಂಟಿನ ಮಾತು. ತುಪ್ಪದಲ್ಲಿ ಅರಳಿದ ಅಂಟು ಇಲ್ಲಿ ಪುಡಿಯಾಗಿ ಕಾಣೆಯಾಗದೆ, ಹಲ್ಲಿಗೆ ಸಿಕ್ಕಿ ಕರಗುವಷ್ಟು ಉಳಿದಿರುತ್ತದೆ. ಬೆಲ್ಲದ ಪಾಕ ಹದವಾಗಿರುವುದರಿಂದ ತುಂಡು ಕೈಗೆ ಅಂಟುವುದಿಲ್ಲ, ಕಲ್ಲಾಗಿಯೂ ಇರುವುದಿಲ್ಲ. ಕೊಬ್ಬರಿಯಲ್ಲಿ ಕಮಟು ವಾಸನೆ ಇಲ್ಲ. ಬಾದಾಮಿ, ಗೋಡಂಬಿ ಹೇರಿದ ದುಬಾರಿ ಬಗೆಗಿಂತ ಉತ್ತತ್ತಿ ಹೆಚ್ಚಿರುವ ಸಾದಾ ಬಗೆಯೇ ನನಗೆ ಹಿಡಿಸಿತು. ದುಬಾರಿಯದರಲ್ಲಿ ಜಾಯಿಕಾಯಿ ಸ್ವಲ್ಪ ಜಾಸ್ತಿಯಾಗಿದೆ.

ಕೊರತೆಗಳೂ ಇವೆ. ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕದ ಮುದ್ರೆ ಮಸುಕಾಗಿರುತ್ತದೆ, ಗಾಡಿ ನಿಲ್ಲಿಸಲು ಜಾಗವಿಲ್ಲ, ಸಂಜೆ ಜನ ಹೆಚ್ಚಾದರೆ ತೂಕ ಮಾಡುವವರು ಒಬ್ಬರೇ. ಮದುವೆಗೋ ಸೀಮಂತಕ್ಕೋ ಜುಲೈ–ಆಗಸ್ಟ್‌ನಲ್ಲಿ ಹೆಚ್ಚು ಪ್ರಮಾಣ ಬೇಕಿದ್ದವರು ವಾರ ಮೊದಲೇ ಹೇಳಿಡಬೇಕು; ಆ ತಿಂಗಳುಗಳಲ್ಲಿ ಅವರು ದೊಡ್ಡ ದಾಸ್ತಾನು ಇಡುವುದಿಲ್ಲ, ಮುಂಗಡವನ್ನೂ ಅರ್ಧಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ.