ಮನೆಗೆ ಎಂಎಸ್ ಆಫೀಸೋ, ಲಿಬ್ರೆಆಫೀಸೋ?

ಅರ್ಜಿ, ಪತ್ರ, ತಿಂಗಳ ಲೆಕ್ಕ. ಮನೆಯ ಕಂಪ್ಯೂಟರಿನಲ್ಲಿ ನಿಮಗೆ ಬೇಕಾದದ್ದು ಇಷ್ಟೇ ಆದರೆ, ನನ್ನ ಮತ ಲಿಬ್ರೆಆಫೀಸಿಗೆ. ಇದೂ ಎಂಎಸ್ ಆಫೀಸಿನ (ವರ್ಡ್, ಎಕ್ಸೆಲ್) ಹಾಗೆಯೇ ಬರೆಯಲು, ಲೆಕ್ಕ ಇಡಲು ಇರುವ ತಂತ್ರಾಂಶ.

ಮೊದಲು ದುಡ್ಡಿನ ಮಾತು. ಎಂಎಸ್ ಆಫೀಸಿನ ಚಂದಾ ರೂಪವಾದ ಮೈಕ್ರೋಸಾಫ್ಟ್ 365 ಬೇಕೆಂದರೆ ತಿಂಗಳಿಗೋ ವರ್ಷಕ್ಕೋ ಚಂದಾ ಕಟ್ಟುತ್ತಲೇ ಇರಬೇಕು. ಲಿಬ್ರೆಆಫೀಸ್ 2010ರಲ್ಲಿ ಇನ್ನೊಂದು ಉಚಿತ ತಂತ್ರಾಂಶವಾದ ಓಪನ್‌ಆಫೀಸ್‌ನಿಂದ ಕವಲೊಡೆದು ಬಂದದ್ದು, ಪೂರ್ತಿ ಉಚಿತ. ಎಷ್ಟು ಕಂಪ್ಯೂಟರಿಗಾದರೂ ಹಾಕಿಕೊಳ್ಳಿ, ಪಕ್ಕದ ಮನೆಯವರಿಗೂ ಕೊಡಿ, ಯಾರೂ ಕೇಳುವುದಿಲ್ಲ. ಕದ್ದ ಪ್ರತಿ ಹಾಕಿಸಿಕೊಂಡು ವೈರಸ್ ಭಯದಲ್ಲಿ ಇರುವುದಕ್ಕಿಂತ ಇದು ಎಷ್ಟೋ ಮೇಲು, ಅಲ್ವಾ?

ಕನ್ನಡ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಎರಡರಲ್ಲೂ ಮೂಡುತ್ತದೆ. ಮೆನುವನ್ನೂ ಎರಡರಲ್ಲೂ ಕನ್ನಡಕ್ಕೆ ಬದಲಿಸಬಹುದು. ಆದರೆ ಲಿಬ್ರೆಆಫೀಸಿನ ಅನುವಾದದಲ್ಲಿ ತಪ್ಪು ಕಂಡರೆ ನೀವೇ ತಿದ್ದುಪಡಿ ಸೂಚಿಸಬಹುದು. ನನಗೆ ಇದೇ ದೊಡ್ಡ ವಿಷಯ.

ತೊಡಕೂ ಇದೆ. ಲಿಬ್ರೆಆಫೀಸಿನಲ್ಲಿ ವರ್ಡ್ ಫೈಲ್ ತೆರೆದಾಗ ಕೆಲವೊಮ್ಮೆ ಟೇಬಲ್, ಪುಟದ ಅಂಚು ಸ್ವಲ್ಪ ಜರುಗುತ್ತದೆ. ಹಾಗಾಗಿ ಹೊರಗೆ ಕಳಿಸುವಾಗ ಪಿಡಿಎಫ್ ಮಾಡಿ. ಎಕ್ಸೆಲ್ ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡಿಸುವ ಸಣ್ಣ ಪ್ರೋಗ್ರಾಂ) ಜಾಸ್ತಿ ಬಳಸುವವರು, ಒಂದೇ ಫೈಲನ್ನು ನಾಲ್ಕೈದು ಜನ ಒಟ್ಟಿಗೆ ತಿದ್ದುವವರು ಎಂಎಸ್ ಆಫೀಸಿನಲ್ಲೇ ಇರಿ.

ಉಳಿದವರು ಸುಮ್ನೆ ಒಂದು ಪತ್ರವನ್ನು ಲಿಬ್ರೆಆಫೀಸ್ ರೈಟರಿನಲ್ಲಿ (ವರ್ಡಿನಂಥ ಭಾಗ) ಬರೆದು ನೋಡಿ. ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದು.