ಕಿನ್ನಾಳದ ಪಡಸಾಲೆಯಲ್ಲಿ ದೇವಿಯರ ಸಾಲು

ತಂಗಿಯ ಹೊಸ ಮನೆಗೆ ಕಟ್ಟಿಗೆಯ ಗೌರಿಯೊಂದನ್ನು ಕೊಡಬೇಕೆಂದು, ಯುಗಾದಿ ಮುಗಿದ ಮೇಲೆ ಕೊಪ್ಪಳದಿಂದ ಸುಮಾರು 12 ಕಿ.ಮೀ. ದೂರದ, ಬಣ್ಣದ ಕಟ್ಟಿಗೆ ಗೊಂಬೆಗಳಿಗೆ ಹೆಸರಾದ ಕಿನ್ನಾಳಕ್ಕೆ ಹೋದವಳು, ಅಲ್ಲಿನ ಹಿರಿಯ ಚಿತ್ರಗಾರರೊಬ್ಬರ ಪಡಸಾಲೆಯಲ್ಲಿ ಎರಡು ತಾಸು ಕುಳಿತುಬಿಟ್ಟೆ. ಎಪ್ಪತ್ತು ದಾಟಿದ ಅವರು ಗರುಡ, ಕಾಮಧೇನು, ಆನೆಗಳನ್ನೆಲ್ಲ ಒಳಕೋಣೆಗೆ ಸರಿಸಿ, ಗೋಡೆಯುದ್ದಕ್ಕೂ ಗೌರಿ, ಲಕ್ಷ್ಮಿ, ಸರಸ್ವತಿ, ಊರದೇವಿಯರಾದ ದುರ್ಗವ್ವ, ದ್ಯಾಮವ್ವರನ್ನಷ್ಟೇ ಜೋಡಿಸಿಟ್ಟಿದ್ದರು. ಎಣಿಸಿದೆ, 23 ಇದ್ದವು.

ಕಿನ್ನಾಳದ ಈ ಕಲೆಗೆ ಭೌಗೋಳಿಕ ಸೂಚಿಯ (ಜಿಐ) ಮಾನ್ಯತೆ ಇರುವುದು, ಹಂಪಿಯ ವಿರೂಪಾಕ್ಷ ಗುಡಿಯ ಛಾವಣಿಯ ಚಿತ್ರಗಳನ್ನು ಇವರ ಪೂರ್ವಿಕರೇ ಬರೆದರೆಂಬ ಮಾತು, ಎರಡೂ ನಮ್ಮ ಭಾಗದವರಿಗೆ ಗೊತ್ತಿದ್ದದ್ದೇ. ಕೆಲಸದ ಪದರಗಳು ಮಾತ್ರ ಹತ್ತಿರ ಕುಳಿತವರಿಗೇ ಕಾಣುತ್ತವೆ. ಹಗುರವಾದ ಮರದ ತುಂಡುಗಳನ್ನು ಕೆತ್ತಿ ಜೋಡಿಸಿದ ಮೇಲೆ ಸಂದುಗಳಿಗೆ ಕಿಟ್ಟ ತುಂಬುತ್ತಾರೆ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆಯ ಹೊಟ್ಟಿನೊಂದಿಗೆ ಹುಣಸೆಬೀಜದ ಸರಿಯಲ್ಲಿ ಕಲಸಿದ್ದೇ ಆ ಕಿಟ್ಟ. ಹರಳುಕಲ್ಲಿನ ಪುಡಿಗೆ ಅಂಟು ಬೆರೆಸಿದ ಲೇಪವನ್ನು ಹನಿಹನಿಯಾಗಿ ಇಟ್ಟು ಒಡವೆಗಳನ್ನು ಉಬ್ಬಿಸುತ್ತಾರೆ. ನಾನು ಆರಿಸಿದ 10 ಅಂಗುಲದ ಗೌರಿಯ ಕೊರಳಿನ ಬೋರಮಾಳದ ಮೇಲೆ ಬೆರಳಾಡಿಸಿದರೆ ಒಂದೊಂದು ಗುಂಡೂ ಬೇರೆಬೇರೆಯಾಗಿ ತಗಲುತ್ತದೆ. ಆಕೆ ಉಟ್ಟದ್ದು ಇಳಕಲ್ಲ ಸೀರೆ. ಸೆರಗಿನ ಟೋಪ ತೆನಿ ವಿನ್ಯಾಸವನ್ನು ಕೂದಲೆಳೆಯಂಥ ಕುಂಚದಲ್ಲಿ ಬರೆದಿದ್ದಾರೆ. ತವರಿಗೆ ಬಂದ ಹೊಸ ಮದುಮಗಳು ಬಾಗಿಲಲ್ಲಿ ನಿಂತಂತಿದೆ ಮುಖ.

ಇಡೀ ಸಾಲಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವಳು ಮಾರಾಟಕ್ಕಿರದ ದ್ಯಾಮವ್ವ. ಯಾವುದೋ ಹಳ್ಳಿಯವರು ಜಾತ್ರೆಗೆ ಮುಂಚೆ ಬಣ್ಣಕ್ಕೆ ಕಳಿಸಿದ ಆಳೆತ್ತರದ ಮೂರ್ತಿ. ಹಳೆಯ ಬಣ್ಣ ಕೆರೆದು, ಮೈಗೆ ಹೊಸ ಕೆಂಪು ಬಳಿದಿದ್ದರೂ ಕಣ್ಣು ಇನ್ನೂ ಬರೆದಿರಲಿಲ್ಲ. ಹೊಲದಲ್ಲಿ ದುಡಿದ ಹೆಂಗಸಿನ ಹಾಗೆ ಅಗಲವಾದ ಹೆಗಲು, ಗಟ್ಟಿಯಾದ ಮುಂಗೈ. ಕಣ್ಣಿಲ್ಲದ ಆ ಮುಖದೆದುರಿಗೂ ಮನೆಯ ಸೊಸೆ ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟು ಉಡಿ ತುಂಬಿದ್ದಳು. ದುರ್ಗವ್ವನ ಸಿಟ್ಟನ್ನೂ ಹಿರಿಯರು ಬರಿಯ ಹುಬ್ಬಿನ ಗಂಟಿನಲ್ಲಿಯೇ ಮುಗಿಸಿದ್ದಾರೆ, ಅದಕ್ಕೆ ಚಾಚಿದ ನಾಲಿಗೆಯ ಹಂಗೇ ಇಲ್ಲ.

ಲಕ್ಷ್ಮಿ, ಸರಸ್ವತಿಯರ ಬಗ್ಗೆ ಇದೇ ಮಾತು ಹೇಳಲಾರೆ. ಅವು ಕ್ಯಾಲೆಂಡರಿನ ಮುಖಗಳು. ಗಿರಾಕಿಗಳು ಅದನ್ನೇ ಕೇಳುತ್ತಾರಂತೆ. ಮೂರ್ತಿಗಳ ಮೇಲಿನ ಎನಾಮಲ್ ಬಣ್ಣ ಟ್ಯೂಬ್‌ಲೈಟಿನ ಕೆಳಗೆ ಕಣ್ಣಿಗೆ ಹೊಡೆಯುತ್ತದೆ. ತವರದಿಂದ ಚಿನ್ನದ ಹೊಳಪು ತರುವ ಲಾಜವಾರದ ಕೆಲಸ ಒಂದೇ ಒಂದು ಹಳೆಯ ಪ್ರಭಾವಳಿಯ ಮೇಲಿತ್ತು, ಮತ್ತು ಅದರ ತಣ್ಣನೆಯ ಮಿನುಗಿನ ಪಕ್ಕದಲ್ಲಿ ಡಬ್ಬಿಯ ಬಂಗಾರದ ಬಣ್ಣ ಬಡವಾಗಿ ಕಾಣುತ್ತಿತ್ತು.

ಗೌರಿಗೆ 2,800 ರೂಪಾಯಿ ಕೊಟ್ಟೆ. ಚೌಕಾಸಿ ಮಾಡಲು ಮನಸ್ಸಾಗಲಿಲ್ಲ. ನನ್ನ ತಕರಾರು ಕಟ್ಟಿಕೊಟ್ಟ ರೀತಿಯ ಬಗ್ಗೆ: ಎರಡು ಹಾಳೆ ಪೇಪರು, ಒಂದು ಸುತ್ತು ದಾರ, ಅಷ್ಟೇ. ಬಸ್ಸು ಕೊಪ್ಪಳ ಮುಟ್ಟುವಷ್ಟರಲ್ಲಿ ಕಿರೀಟದ ತುದಿ ಮುರಿದಿತ್ತು. ಹೋಗುವವರು ರಟ್ಟಿನ ಡಬ್ಬಿಯನ್ನೂ ಒಂದು ಹಳೆಯ ಟವೆಲನ್ನೂ ಜೊತೆಗೆ ಒಯ್ಯುವುದು ಒಳ್ಳೆಯದು. ಮರುವಾರ ತೆಗೆದುಕೊಂಡು ಹೋದಾಗ ಹಿರಿಯರು ಬೇಸರಿಸದೆ, ಚಿಟಿಕೆ ಕಿಟ್ಟ ಹಚ್ಚಿ, ಪುಕ್ಕಟೆಯಾಗಿ ಕೂಡಿಸಿಕೊಟ್ಟರು. ದ್ಯಾಮವ್ವ ನಿಂತಿದ್ದ ಜಾಗ ಖಾಲಿಯಿತ್ತು. ಹಿಂದಿನ ದಿನವಷ್ಟೇ ಕಣ್ಣು ಬರೆಸಿಕೊಂಡು, ಮುಖಕ್ಕೆ ಸೀರೆ ಮುಚ್ಚಿ, ಟ್ರ್ಯಾಕ್ಟರಿನಲ್ಲಿ ಊರಿಗೆ ಕರೆದೊಯ್ದಿದ್ದರು.